ಬೂತಾಯಿ ಮೀನು, ಮುಚ್ಚಿದ ಕಡಲು



ಕೆರೆ ನಂಬಿದ ನಮಗೆ ಕಡಲಿನ ಮಾತು ಯಾಕೆ ಎಂದೀರಿ. ಕುಣಿಗಲ್ ದೊಡ್ಡಕೆರೆಯ ಕೆಳಗೆ ಗದ್ದೆ ಮಾಡುವವರಿಗೂ ಗುಬ್ಬಿ ಸೀಮೆಯ ತೋಟದವರಿಗೂ ಒಂದು ವಿಷಯ ಗೊತ್ತುಂಟು. ಮುಂಗಾರಿನ ಹೊಸ ನೀರು ಹರಿದಾಗ ಕೆರೆಯ ಮೀನು ಮೊಟ್ಟೆ ಇಡಲು ಹಳ್ಳಕ್ಕೆ ಎದುರೇರುತ್ತದೆ. ಆಗಲೇ ಬುಟ್ಟಿ ಒಡ್ಡಿ ಬಾಚಿಕೊಂಡರೆ ಬೇಸಗೆಗೆ ಕೆರೆಯಲ್ಲಿ ಏನಿರುತ್ತೆ, ಹೇಳಿ? ಕರಾವಳಿಯಲ್ಲಿ ಇಂಥದೇ ಪ್ರಶ್ನೆ ದೊಡ್ಡ ಜಗಳವಾಗಿ, ಕಡೆಗೆ ಕಾನೂನಾಯಿತು.

ತುಮಕೂರಿನ ಮೀನಂಗಡಿಯಲ್ಲಿ ಬೂತಾಯಿಯನ್ನು ನೀವು ಕಂಡಿರಬಹುದು. ಕುಂದಾಪುರದವರು ಇದನ್ನು ಬೈಗೆ ಎನ್ನುತ್ತಾರೆ, ಕಾರವಾರದವರು ತಾರ್ಲೆ ಎನ್ನುತ್ತಾರೆ. ಯೂರೋಪಿನವರ ಹೆರಿಂಗ್ ಮೀನಿನ ಕುಲವೇ ಇದು. ಗುಂಪುಗಟ್ಟಿ ದಡದ ಹತ್ತಿರ ಬರುತ್ತದೆ. ಒಂದು ವರ್ಷ ರಾಶಿ, ಇನ್ನೊಂದು ವರ್ಷ ಹುಡುಕಿದರೂ ಇಲ್ಲ. ರಾಶಿ ಬಿದ್ದ ಕಾಲದಲ್ಲಿ ಎಣ್ಣೆ ತೆಗೆದು, ಉಳಿದದ್ದನ್ನು ಕಾಫಿ ತೋಟಕ್ಕೂ ತೆಂಗಿನ ಬುಡಕ್ಕೂ ಗೊಬ್ಬರ ಹಾಕುತ್ತಿದ್ದರು.

ಹಿಂದೆ ಇದನ್ನು ಹಿಡಿಯುತ್ತಿದ್ದುದು ರಂಪಣಿ ಬಲೆಯಲ್ಲಿ. ದೋಣಿಯಲ್ಲಿ ಹೋಗಿ ಮೀನಿನ ಗುಂಪಿನ ಸುತ್ತ ಬಲೆ ಬಿಟ್ಟು ಬರುವುದು, ಎರಡು ತುದಿಗಳನ್ನು ದಡದಿಂದ ಹತ್ತಾರು ಮನೆಗಳ ಜನ ಸೇರಿ ಎಳೆಯುವುದು. ಬಂದ ಮೀನು ಪಾಲು. ನಮ್ಮ ಮುಯ್ಯಾಳಿನ ಹಾಗೆ ಎನ್ನಿ, ಆದರೆ ಬಲೆಯ ಒಡೆತನಕ್ಕೂ ಬೇರೆ ಪಾಲುಂಟು. ಮೀನು ದಡಕ್ಕೆ ಬರುವತನಕ ಕಾಯಲೇಬೇಕು.

1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು. ಅಡಿಕೆ ಸಂಚಿಯ ಬಾಯಿ ದಾರ ಎಳೆದಂತೆ ಬಲೆಯ ತಳವನ್ನೇ ಬಿಗಿದುಬಿಡುವ ಬಲೆ ಅದು. ಯಂತ್ರದ ಬೋಟು ಮೀನಿರುವಲ್ಲಿಗೇ ಹೋಗುತ್ತದೆ, ಕಾಯುವ ಮಾತಿಲ್ಲ. ದಡದಲ್ಲಿ ಕಾದವರ ಬಲೆ ಬರಿದಾಯಿತು, ಗಲಾಟೆಯಾಯಿತು. ಕೆಲವು ರಂಪಣಿಯವರು ತಾವೂ ಕೂಡಿಕೊಂಡು ಪರ್ಸೀನ್ ಬೋಟು ಮಾಡಿದರು. ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂದದ್ದು 1986ರಲ್ಲಿ. ಬೇಲಿ ಕಟ್ಟುವ ಹೊತ್ತಿಗೆ ದೊಡ್ಡ ರಂಪಣಿಯ ಕಾಲ ಮುಗಿದೇ ಹೋಗಿತ್ತು ಎಂಬುದು ನನ್ನ ಎಣಿಕೆ.

ಯಾವ ದೋಣಿ ಎಲ್ಲಿ, ಯಾವಾಗ ಹೋಗಬಾರದು ಎಂದು ಹೇಳುವ ಅಧಿಕಾರ ಆ ಕಾಯಿದೆಯಿಂದ ಸರ್ಕಾರಕ್ಕೆ ಬಂತು. ದಡದ ಹತ್ತಿರದ ನೀರು ನಾಡದೋಣಿಗೆ ಮೀಸಲು. ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ, ಯಂತ್ರದ ಬೋಟುಗಳು ಬಂದರಿನಲ್ಲೇ ನಿಲ್ಲಬೇಕು. 10 ಅಶ್ವಶಕ್ತಿಯವರೆಗಿನ ಯಂತ್ರವಿರುವ ನಾಡದೋಣಿ ಹೋಗಬಹುದು. ಬೂತಾಯಿ ಮೊಟ್ಟೆ ಇಡುವುದೂ ಮಳೆಗಾಲದಲ್ಲೇ. ನಾಡದೋಣಿಗೆ ಸಿಗುವುದೂ ಮೊಟ್ಟೆ ಹೊತ್ತ ಮೀನಲ್ಲವೇ ಎಂದು ನೀವು ಕೇಳಿದರೆ ಅದು ಸರಿಯಾದ ಪ್ರಶ್ನೆ. ಆದರೆ ಚಿಕ್ಕ ದೋಣಿಯವನ ಮಳೆಗಾಲದ ಗಂಜಿಯನ್ನೂ ಕಾನೂನು ಲೆಕ್ಕಕ್ಕೆ ಹಿಡಿಯಿತು. ಅದು ತಪ್ಪೆಂದು ನನಗೆ ಅನಿಸುವುದಿಲ್ಲ.

ಹೊರದೇಶಗಳಲ್ಲೂ ಇದೇ ಕಥೆ. ಹೆರಿಂಗ್ ತೀರಾ ಕಡಿಮೆಯಾಗಿ 1977ರಲ್ಲಿ ಯೂರೋಪಿನ ಉತ್ತರ ಸಮುದ್ರದಲ್ಲಿ ಅದರ ಬೇಟೆಯನ್ನೇ ನಿಲ್ಲಿಸಿದರು. ಪೂರ್ತಿ ತೆರೆದದ್ದು 1983ರಲ್ಲಿ. ಅಮೆರಿಕದ ಮೇನ್ ಕೊಲ್ಲಿಯಲ್ಲಿ 2007ರಿಂದ ಬೇಸಗೆಯಲ್ಲಿ ದಡದ ಕಡೆಯ ನೀರಿಗೆ ದೊಡ್ಡ ಟ್ರಾಲ್ ಬೋಟುಗಳು ಬಾರದಂತೆ ಮಾಡಿದರು, ಪರ್ಸೀನ್ ಬಲೆಯವರನ್ನೂ ಒಂದೇ ಕಡೆ ಕಟ್ಟಿ ನಿಲ್ಲಿಸುವ ಬಲೆಯವರನ್ನೂ ಬಿಟ್ಟರು. ನಮ್ಮದು ಈ ಎರಡನೆಯದಕ್ಕೆ ಹತ್ತಿರ.

ರಾಜ್ಯದ ಕೈ ದಡದಿಂದ ಸುಮಾರು 22 ಕಿಲೋಮೀಟರ್‌ವರೆಗೆ ಮಾತ್ರ. ಅದರಾಚೆ ಕೇಂದ್ರದ್ದು. ರಾತ್ರಿ ಭಾರಿ ದೀಪ ಉರಿಸಿ ಮೀನು ಸೆಳೆಯುವುದನ್ನೂ, ಎರಡು ಬೋಟು ಸೇರಿ ಒಂದು ಬಲೆ ಎಳೆಯುವುದನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ಅಲ್ಲಿ ನಿಷೇಧಿಸಿತು. ದೀಪದ ಬೋಟುಗಳ ಮೇಲೆ ನಾಡದೋಣಿಯವರ ದೂರು ಆಮೇಲೂ ನಿಲ್ಲಲಿಲ್ಲ.