ಬೇಟೆಯ ಮಾಂಸ, ರೆಬೆಕ್ಕಳ ಕೈರುಚಿ

ಪವಿತ್ರ ಬೈಬಲಿನ ಆದಿಕಾಂಡದ 27ನೇ ಅಧ್ಯಾಯದಲ್ಲಿ ಒಂದು ಊಟದ ಪ್ರಸಂಗವಿದೆ. ಮುಪ್ಪಿನಿಂದ ಕಣ್ಣು ಮಂಜಾದ ಇಸಾಕನು ಹಿರಿಯ ಮಗ ಏಸಾವನನ್ನು ಕರೆದು, ಕಾಡಿಗೆ ಹೋಗಿ ಬೇಟೆಯಾಡಿ, ತನಗೆ ಪ್ರಿಯವಾದ ಅಡಿಗೆ ಮಾಡಿ ತರಲು ಹೇಳುತ್ತಾನೆ. ಉಂಡ ಮೇಲೆ ಆಶೀರ್ವಾದ. ಏಸಾವನು ಬಿಲ್ಲು ಬತ್ತಳಿಕೆ ಹೊತ್ತು ಹೊರಟ ಮೇಲೆ ನಡೆದದ್ದು ನಮಗೆಲ್ಲ ತಿಳಿದೇ ಇದೆ. ತಾಯಿ ರೆಬೆಕ್ಕಳು ಮಂದೆಯ ಎರಡು ಮೇಕೆಮರಿಗಳಿಂದಲೇ ಆ ಅಡಿಗೆ ಮಾಡಿ ಕಿರಿಯ ಮಗ ಯಕೋಬನ ಕೈಯಲ್ಲಿ ಕಳುಹಿಸುತ್ತಾಳೆ. ಇಸಾಕನಿಗೆ ಮಗನ ದನಿಯ ಮೇಲೆ ಸಂಶಯ ಬರುತ್ತದೆ. ಕೈ ಮುಟ್ಟಿ ನೋಡುತ್ತಾನೆ. ಆದರೆ ಅಡಿಗೆಯ ಮೇಲೆ ಮಾತ್ರ ಸಂಶಯ ಬರುವುದಿಲ್ಲ!

ಈ ಅಧ್ಯಾಯವನ್ನು ಓದುವಾಗ ನಾವು ಆಶೀರ್ವಾದದ ಬಗ್ಗೆ, ಮೋಸದ ಬಗ್ಗೆ ಯೋಚಿಸುತ್ತೇವೆ. ಅದರೊಳಗಿರುವ ಅಡಿಗೆಮನೆಯ ಸತ್ಯವನ್ನು ಗಮನಿಸುವುದು ಕಡಿಮೆ. ಬೇಟೆಯ ಮಾಂಸವೆಂದು ಇಸಾಕನು ಆಸೆಪಟ್ಟ ರುಚಿ, ಕಾಡಿನ ಪ್ರಾಣಿಯಲ್ಲಿತ್ತೇ? ಅಥವಾ ಅದನ್ನು ಹದ ಮಾಡಿದ ಕೈಯಲ್ಲಿತ್ತೇ? ನಮ್ಮ ನಾಡಿನ ಇತಿಹಾಸದಲ್ಲೂ ಈ ಪ್ರಶ್ನೆಗೆ ಉತ್ತರವಿದೆ.

ಜಿಂಕೆಯ ಮಾಂಸ ಇಸ್ರಯೇಲರಿಗೆ ನಿಷಿದ್ಧವಾಗಿರಲಿಲ್ಲ. ಧರ್ಮೋಪದೇಶಕಾಂಡದ 14ನೇ ಅಧ್ಯಾಯವು ತಿನ್ನಬಹುದಾದ ಪ್ರಾಣಿಗಳ ಪಟ್ಟಿಯಲ್ಲಿ ಜಿಂಕೆಯನ್ನೂ ಸೇರಿಸಿದೆ. ಅರಸ ಸೊಲೊಮೋನನ ಅರಮನೆಗೆ ದಿನನಿತ್ಯ ಬೇಕಾಗುತ್ತಿದ್ದ ಆಹಾರದಲ್ಲಿಯೂ ಅದರ ಹೆಸರಿದೆ. ಯೂರೋಪಿನಲ್ಲಂತೂ ಮಧ್ಯಯುಗದಿಂದಲೂ ಅದು ಅರಸರ ಮತ್ತು ಶ್ರೀಮಂತರ ಹಬ್ಬದೂಟ. ಆದರೆ ಈ ಮಾಂಸಕ್ಕೆ ಒಂದು ಸ್ವಭಾವವಿದೆ. ಸದಾ ಓಡಾಡುವ ಪ್ರಾಣಿಯಾದ್ದರಿಂದ ಅದರಲ್ಲಿ ಕೊಬ್ಬು ಬಹಳ ಕಡಿಮೆ. ಬೆಂಕಿಯ ಮೇಲೆ ಹಾಗೆಯೇ ಸುಟ್ಟರೆ ಬೇಗ ಒಣಗಿ ಬಿರುಸಾಗುತ್ತದೆ. ಆದ್ದರಿಂದ ಅಲ್ಲಿನ ಅಡಿಗೆಯವರು ಅದಕ್ಕೆ ಹಂದಿಯ ಕೊಬ್ಬು ಸೇರಿಸಿದರು. ದ್ರಾಕ್ಷಾರಸ ಇಲ್ಲವೆ ವಿನೆಗರಿನಲ್ಲಿ ನೆನೆಯಿಟ್ಟರು. ಸುಟ್ಟ ಮೇಲೆ ಕಾಳುಮೆಣಸಿನ ಸಾಸನ್ನೋ ಹುಳಿಸಿಹಿಯಾದ ಹಣ್ಣಿನ ಸಾಸನ್ನೋ ಜೊತೆಗೆ ಬಡಿಸಿದರು. ಸಾಸ್ ಇಲ್ಲಿ ಅಲಂಕಾರವಲ್ಲ, ಅಗತ್ಯ.

ನಮ್ಮಲ್ಲಿಯೂ ಈ ತಿಳಿವಳಿಕೆ ಹಳೆಯದು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ, ಒಂದು ಕಾಲದಲ್ಲಿ ಕಲ್ಯಾಣದ ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು 12ನೇ ಶತಮಾನದ ಪೂರ್ವಾರ್ಧದಲ್ಲಿ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ರಾಜ್ಯಭಾರದಿಂದ ಹಿಡಿದು ಸಂಗೀತದವರೆಗೆ 100 ಅಧ್ಯಾಯಗಳಿರುವ ಈ ಗ್ರಂಥದಲ್ಲಿ ಅರಸನ ಊಟಕ್ಕೆ 'ಅನ್ನಭೋಗ'ವೆಂಬ ಭಾಗವೇ ಇದೆ. ಬೇಟೆಯ ವಿಧಾನಗಳಿಗೂ ಪ್ರತ್ಯೇಕ ಭಾಗವಿದೆ. ಇಡ್ಲಿ, ದೋಸೆ, ವಡೆಗಳ ಪೂರ್ವಜರನ್ನು ಹುಡುಕುವವರು ಈ ಗ್ರಂಥಕ್ಕೆ ಹೋಗುತ್ತಾರೆ. ಅದೇ ಪುಟಗಳಲ್ಲಿ ಹಂದಿ, ಜಿಂಕೆ, ಮೇಕೆ, ಮೀನುಗಳ ಅಡಿಗೆಯೂ ಇದೆಯೆಂಬುದನ್ನು ನಾವು ಮರೆಯುತ್ತೇವೆ.

ಮಾಂಸದ ತುಂಡುಗಳಿಗೆ ಮಸಾಲೆ ಹಚ್ಚಿ, ಕಡ್ಡಿಗೆ ಚುಚ್ಚಿ, ಕೆಂಡದ ಮೇಲೆ ಸುಡುವ ಅಡಿಗೆಗೆ ಸೋಮೇಶ್ವರನು 'ಭಡಿತ್ರಕ' ಎನ್ನುತ್ತಾನೆ. ಲಿವರ್ ಎಂದು ನಾವು ಕರೆಯುವ ಯಕೃತ್ತನ್ನು ಅಡಿಕೆಯ ಗಾತ್ರಕ್ಕೆ ಹೆಚ್ಚಿ, ಕೆಂಡದಲ್ಲಿ ಸುಟ್ಟು, ಮೊಸರಿನಲ್ಲಿ ಇಲ್ಲವೆ ಸಾಸಿವೆಯ ರಸದಲ್ಲಿ ಹಾಕುವ ವಿಧಾನವನ್ನೂ ಹೇಳುತ್ತಾನೆ. ಸುಟ್ಟದ್ದಕ್ಕೆ ಹುಳಿ ಬೇಕು, ಒಣಗಿದ್ದಕ್ಕೆ ರಸ ಬೇಕು. ಯೂರೋಪಿನ ಅಡಿಗೆಯವರು ದ್ರಾಕ್ಷಾರಸದಿಂದ ಸಾಧಿಸಿದ್ದನ್ನು ಕಲ್ಯಾಣದ ಅಡಿಗೆಯವರು ಮೊಸರು ಸಾಸಿವೆಗಳಿಂದ ಸಾಧಿಸಿದ್ದರು.

ಅರಸನ ಅಡಿಗೆಮನೆಯಿಂದ ಈಗ ಬೇಡನ ಅಡಿಗೆಗೆ ಬರೋಣ. ಬೆಂಗಳೂರಿನ ಗವಿಪುರಂ ಎಂದೊಡನೆ ನೆನಪಾಗುವುದು ಬಂಡೆಯೊಳಗಿನ ಗವಿ ಗಂಗಾಧರೇಶ್ವರ ದೇವಾಲಯ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ನೋಡಲು ಜಾತಿಮತವೆನ್ನದೆ ಜನ ಸೇರುತ್ತಾರೆ. ದಕ್ಷಿಣದ ಶಿಲ್ಪಿಗಳು ಶಿವನ ಒಂದು ಕೈಗೆ ಕೊಡಲಿಯನ್ನೂ ಇನ್ನೊಂದು ಕೈಗೆ ಜಿಂಕೆಯನ್ನೂ ಕೊಡುವುದು ವಾಡಿಕೆ. ಅದೇ ಶಿವನ ಭಕ್ತ ಬೇಡರ ಕಣ್ಣಪ್ಪ ಬೇಟೆಯ ಮಾಂಸವನ್ನು ಸುಟ್ಟು, ಹದವಾಗಿದೆಯೇ ಎಂದು ತಾನೇ ರುಚಿ ನೋಡಿ, ಜೇನು ಬೆರೆಸಿ ನೈವೇದ್ಯ ಮಾಡಿದನೆಂದು ಕಥೆ. ಹರಿಹರ ಕವಿಯ ರಗಳೆಗಳಲ್ಲಿ ಈ ಕಣ್ಣಪ್ಪನಿಗೂ ಸ್ಥಾನವಿದೆ. 1954ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರದಿಂದಲೇ ಡಾ. ರಾಜಕುಮಾರ್ ನಾಯಕನಟರಾದರು. ಕಣ್ಣಪ್ಪನ ಬಳಿ ಮೊಸರೂ ಇಲ್ಲ, ಸಾಸಿವೆಯೂ ಇಲ್ಲ. ಕಾಡಿನ ಜೇನೇ ಅವನ ಸಾಸ್. ಆ ನೈವೇದ್ಯ ದೊಡ್ಡದಾದದ್ದು ಮಾಂಸದಿಂದಲ್ಲ, ಅರ್ಪಿಸಿದ ಮನಸ್ಸಿನಿಂದ ಎಂದೇ ಕಥೆ ಹೇಳುವವರೆಲ್ಲರ ಅಭಿಪ್ರಾಯ.

ಬೇಡನ ಬಿಲ್ಲು ಹೋಗಿ ಕೋವಿ ಬಂದಾಗ ಬೇಟೆಯ ಸ್ವರೂಪವೇ ಬದಲಾಯಿತು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ತನ್ನ ಅನುಭವಗಳ ಪುಸ್ತಕದಲ್ಲಿ ಆ ಕಾಲದ ಬೇಟೆಯ ಚಿತ್ರ ದೊರೆಯುತ್ತದೆ. ಹೊಟ್ಟೆಗಾಗಿ ನಡೆಯುತ್ತಿದ್ದದ್ದು ಮೋಜಿಗಾಗಿಯೂ ನಡೆಯತೊಡಗಿತು. ಕಾಡು ಬರಿದಾಗುವ ಭಯದಿಂದ ಅಂಕುಶಗಳು ಬಂದವು. 1931ರಲ್ಲಿ ಮೈಸೂರಿನ ಅರಸರು ಬಂಡೀಪುರದ 90 ಚದರ ಕಿಲೋಮೀಟರ್ ಕಾಡನ್ನು ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಕಾಪಾಡಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ, ಕೃಷ್ಣಮೃಗಗಳ ಬೇಟೆ ನಿಂತಿತು. ಅವುಗಳ ಮಾಂಸವನ್ನು ಮಾರುವುದೂ ಇಟ್ಟುಕೊಳ್ಳುವುದೂ ಅಪರಾಧ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. 2007ರಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲು ಕೃಷ್ಣಮೃಗಗಳಿಗೆ ಮೀಸಲಾಯಿತು.

ಹಾಗಾದರೆ ಆ ರುಚಿಯೇ ನಾಡಿನಿಂದ ಹೊರಟುಹೋಯಿತೇ? ಇಲ್ಲ. ಮಾಂಸ ಹೋಯಿತು, ಅದರ ಜೊತೆಗಾರ ಉಳಿದುಕೊಂಡಿತು. ಕೊಡಗನ್ನು ನೋಡಿ. ಕೋವಿಯನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬ ಅಲ್ಲಿ ಇಂದಿಗೂ ನಡೆಯುತ್ತದೆ; ಕಾಡಿನ ಬೇಟೆ ನಿಂತಿದೆ. ಆದರೆ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಾಗಿಸಿದ ಕಾಚಂಪುಳಿ ಸಾಕಿದ ಹಂದಿಯ ಅಡಿಗೆಗೆ ಅದೇ ಗಾಂಭೀರ್ಯವನ್ನು ಕೊಡುತ್ತಿದೆ. ಸಸ್ಯಾಹಾರಿ ಮನೆಗಳಲ್ಲಿಯೂ ಅಷ್ಟೆ. ಕಾಯಿ, ಸಾಸಿವೆ ಅರೆದು ಮೊಸರಿಗೆ ಬೆರೆಸಿದ 'ಸಾಸಿವೆ'ಯೆಂಬ ವ್ಯಂಜನ ಬಾಳೆಎಲೆಯ ಮೇಲೆ ಬರುತ್ತದೆ. ಅದು ಸೋಮೇಶ್ವರನ ಅಡಿಗೆಮನೆಯಿಂದಲೇ ಬಂದದ್ದೆಂದು ಹೇಳಬೇಕಾಗಿಲ್ಲ. ಆದರೆ ಮೊಸರು ಸಾಸಿವೆಗಳ ಆ ಜೋಡಿ, ಒಂದು ಕಾಲಕ್ಕೆ ಅರಸನ ಸುಟ್ಟ ಮಾಂಸಕ್ಕೂ ಈ ಕಾಲಕ್ಕೆ ಸೌತೆಕಾಯಿಗೂ ಒಂದೇ ನಿಷ್ಠೆಯಿಂದ ದುಡಿದಿದೆ.

ಜಿಂಕೆಯೂ ಸುಮ್ಮನಿಲ್ಲ, ಅದೂ ನಮ್ಮೊಡನೆ ಮಾತಾಡಿದೆ. ಬೇಟೆಗಾರರ ಪಾಲಕರೆಂದು ಯೂರೋಪ್ ಗೌರವಿಸುವ, 727ರಲ್ಲಿ ನಿಧನರಾದ ಲೀಜ್ ನಗರದ ಧರ್ಮಾಧ್ಯಕ್ಷ ಸಂತ ಹ್ಯೂಬರ್ಟರ ಕಥೆ ನಿಮಗೆ ಗೊತ್ತಿರಬಹುದು. ಬೇಟೆಯಲ್ಲಿ ಅಟ್ಟಿಕೊಂಡು ಹೋದ ಗಂಡುಜಿಂಕೆಯ ಕೊಂಬುಗಳ ನಡುವೆ ಅವರು ಶಿಲುಬೆಯನ್ನು ಕಂಡರಂತೆ; ಕೈಯಲ್ಲಿದ್ದ ಆಯುಧ ಕೆಳಗಿಳಿಯಿತಂತೆ. ಇದೇ ಕಥೆಯನ್ನು ಅವರಿಗಿಂತ ಮೊದಲಿನ ಸಂತ ಯೂಸ್ತಾಸರ ಬಗ್ಗೆಯೂ ಹೇಳುತ್ತಾರೆ. ಒಂದೇ ಕಥೆ ಇಬ್ಬರು ಸಂತರಿಗೆ ಅಂಟಿಕೊಂಡಿದೆಯೆಂದರೆ, ಆಯುಧ ಕೆಳಗಿಳಿಸಬೇಕೆಂಬ ಆಸೆ ಮನುಷ್ಯನಲ್ಲಿ ಎಷ್ಟು ಆಳವಾಗಿದೆಯೆಂದು ಯೋಚಿಸಿರಿ.

ಪ್ರಿಯ ಓದುಗರೇ, ಕಾಡುಮಾಂಸವೆಂದು ಗುಟ್ಟಾಗಿ ಕೊಂಡು ತಿನ್ನುವ ಚಪಲ ಕೆಲವರಲ್ಲಿ ಇನ್ನೂ ಇದೆ. ಕಾನೂನಿನ ಮಾತು ಹಾಗಿರಲಿ. ರೆಬೆಕ್ಕಳ ಅಡಿಗೆಯನ್ನು ಅವರು ಒಮ್ಮೆ ನೆನೆಯಬೇಕು. ಅವಳು ಮಗನಿಂದ ಆಡಿಸಿದ ಸುಳ್ಳನ್ನು ನಾವು ಮೆಚ್ಚಬೇಕಾಗಿಲ್ಲ. ಆದರೆ ಅವಳ ಒಲೆ ಹೇಳಿದ್ದು ಸುಳ್ಳಲ್ಲ. ಹಬ್ಬಕ್ಕೆ ಹಟ್ಟಿಯ ಮೇಕೆ ಸಾಕು, ಒಂದಿಷ್ಟು ಹುಳಿ, ಒಂದಿಷ್ಟು ಸಾಸಿವೆ, ಬಡಿಸುವ ಪ್ರೀತಿ ಇದ್ದರೆ ಸಾಕು. ಜಿಂಕೆ ಕಾಡಿನಲ್ಲಿಯೇ ಇರಲಿ.