ಟ್ಯಾಕ್ಸಿ ಟು ದ ಡಾರ್ಕ್ ಸೈಡ್

ಅಮೆರಿಕದ ನಿರ್ದೇಶಕ ಅಲೆಕ್ಸ್ ಗಿಬ್ನಿ 2007ರಲ್ಲಿ ತೆರೆಗೆ ತಂದ ಸಾಕ್ಷ್ಯಚಿತ್ರ. ಅಮೆರಿಕದ ಸೇನೆಯ ವಶದಲ್ಲಿ ಸತ್ತ ಅಫ್ಘನ್ ಯುವಕನೊಬ್ಬನ ಪ್ರಕರಣವನ್ನು ಹಿಡಿದು, ಕೈದಿಗಳ ಚಿತ್ರಹಿಂಸೆಗೆ ಅಪ್ಪಣೆ ಎಲ್ಲಿಂದ ಬಂತು ಎಂದು ಈ ಚಿತ್ರ ಶೋಧಿಸುತ್ತದೆ. 2008ರಲ್ಲಿ ಇದಕ್ಕೆ ಅತ್ಯುತ್ತಮ ಸಾಕ್ಷ್ಯಚಿತ್ರದ ಆಸ್ಕರ್ ಪ್ರಶಸ್ತಿ ಬಂತು.

ಯುವಕನ ಹೆಸರು ದಿಲಾವರ್. ಖೋಸ್ತ್ ಪ್ರಾಂತ್ಯದ ಯಾಕೂಬಿ ಎಂಬ ಹಳ್ಳಿಯವನು, ವಯಸ್ಸು 22, ಟ್ಯಾಕ್ಸಿ ಓಡಿಸುತ್ತಿದ್ದ. 2002ರ ಡಿಸೆಂಬರ್ ಆರಂಭದಲ್ಲಿ ಮೂವರು ಪ್ರಯಾಣಿಕರನ್ನು ಕೂರಿಸಿಕೊಂಡು ಹೊರಟಿದ್ದಾಗ ಸ್ಥಳೀಯ ಬಂದೂಕುಧಾರಿ ಪಡೆಯವರು ಗಾಡಿ ತಡೆದರು. ಅಮೆರಿಕನ್ ನೆಲೆಯ ಮೇಲೆ ರಾಕೆಟ್ ಹಾರಿಸಿದವರು ಇವರೇ ಎಂದು ನಾಲ್ವರನ್ನೂ ಸೇನೆಗೆ ಒಪ್ಪಿಸಿದರು. ಹಿಡಿದುಕೊಟ್ಟ ಮುಖಂಡನ ಮೇಲೆಯೇ ಆ ದಾಳಿಯ ಅನುಮಾನ ಮುಂದೆ ಬಿತ್ತು. ಪ್ರಯಾಣಿಕರು ಗ್ವಾಂಟಾನಮೊ ಸೆರೆಮನೆಗೆ ಹೋಗಿ, 2004ರಲ್ಲಿ ಬಿಡುಗಡೆಯಾದರು.

ದಿಲಾವರ್ ಬಗ್ರಾಮ್‌ನಲ್ಲಿದ್ದ ಅಮೆರಿಕನ್ ಸೇನೆಯ ಸೆರೆಯಲ್ಲಿ ಡಿಸೆಂಬರ್ 10ರಂದು ಸತ್ತ. ಅವನ ಮಣಿಕಟ್ಟುಗಳನ್ನು ಕೋಣೆಯ ಚಾವಣಿಗೆ ಸರಪಳಿಯಿಂದ ಬಿಗಿದಿದ್ದರು. ನಿದ್ದೆಗೆ ಬಿಡಲಿಲ್ಲ. ಕಾವಲಿನವರು ಸರದಿಯಂತೆ ಬಂದು ಮೊಣಕಾಲಿನಿಂದ ಅವನ ತೊಡೆಗೆ ಗುದ್ದುತ್ತಿದ್ದರು. ಪೆಟ್ಟು ಬಿದ್ದಾಗಲೆಲ್ಲ ಅವನು ‘ಅಲ್ಲಾ’ ಎಂದು ಕೂಗುತ್ತಿದ್ದ. ಆ ಕೂಗು ಕೇಳುವುದಕ್ಕೆಂದೇ ಕೆಲವರು ಹೊಡೆದರೆಂದು ತನಿಖೆಯಲ್ಲಿ ಸೈನಿಕನೊಬ್ಬ ಹೇಳಿದ್ದಾನೆ. ಬಸ್ಸು ಹರಿದರೆ ಆಗುವಂಥ ಗಾಯಗಳು ಆ ಕಾಲುಗಳಲ್ಲಿದ್ದವು ಎಂದರು ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು. ಇದಕ್ಕೆ ಕೆಲವೇ ದಿನ ಮೊದಲು ಹಬೀಬುಲ್ಲಾ ಎಂಬ ಇನ್ನೊಬ್ಬ ಕೈದಿ ಅಲ್ಲಿಯೇ ಸತ್ತಿದ್ದ.

ಸಾವಿನ ಪ್ರಮಾಣಪತ್ರವನ್ನು ಸೇನೆ ಮನೆಯವರಿಗೆ ಕೊಟ್ಟಿದ್ದು ಇಂಗ್ಲಿಷಿನಲ್ಲಿ. ಅವರಿಗೆ ಅದನ್ನು ಓದಲು ಬರುತ್ತಿರಲಿಲ್ಲ. ನ್ಯೂಯಾರ್ಕ್ ಟೈಮ್ಸ್‌ನ ವರದಿಗಾರ್ತಿ ಕಾರ್ಲೋಟಾ ಗಾಲ್ ಊರು ಹುಡುಕಿಕೊಂಡು ಹೋಗಿ ಆ ಕಾಗದ ನೋಡಿದಾಗ, ಸಾವಿನ ಬಗೆ ‘ನರಹತ್ಯೆ’ ಎಂದು ಅದರಲ್ಲೇ ನಮೂದಾಗಿತ್ತು. ಇಡೀ ಪ್ರಕರಣ ಬೆಳಕಿಗೆ ಬಂದದ್ದು ಒಬ್ಬ ಪತ್ರಕರ್ತೆಯ ಈ ಛಲದಿಂದ.

ಹೊಡೆದ ಸೈನಿಕರೂ ಚಿತ್ರದಲ್ಲಿ ಮಾತಾಡುತ್ತಾರೆ. ತರಬೇತಿ ಸಾಲದ, ನಿಯಮ ಏನೆಂದು ಯಾರೂ ಬಿಡಿಸಿ ಹೇಳದ ಹುಡುಗರು ಅವರು. ಗಿಬ್ನಿ ಅವರನ್ನು ನಿರ್ದೋಷಿಗಳೆಂದು ಬಿಂಬಿಸುವುದಿಲ್ಲ, ರಾಕ್ಷಸರೆಂದೂ ತೋರಿಸುವುದಿಲ್ಲ. ಕ್ಯಾಮೆರಾ ಅವರನ್ನು ದಾಟಿ ವಾಷಿಂಗ್ಟನ್ನಿಗೆ ಹೋಗುತ್ತದೆ, ಚಿತ್ರದ ಶಕ್ತಿ ಇರುವುದು ಅಲ್ಲಿಯೇ. 2001ರ ಸೆಪ್ಟೆಂಬರ್ ದಾಳಿಯಾದ ಐದನೆಯ ದಿನ ಉಪಾಧ್ಯಕ್ಷ ಡಿಕ್ ಚೇನಿ ಟಿವಿ ಸಂದರ್ಶನದಲ್ಲಿ, ಸರ್ಕಾರ ಇನ್ನು ಕತ್ತಲ ಬದಿಯಲ್ಲೂ ಕೆಲಸ ಮಾಡಬೇಕಾಗುತ್ತದೆ ಎಂದಿದ್ದರು. ಚಿತ್ರದ ಹೆಸರು ಹುಟ್ಟಿದ್ದು ಆ ಮಾತಿನಿಂದ. ಅಲ್-ಕೈದಾ, ತಾಲಿಬಾನ್ ಕೈದಿಗಳಿಗೆ ಜಿನೀವಾ ಒಪ್ಪಂದಗಳ ರಕ್ಷಣೆಯಿಲ್ಲ ಎಂದು 2002ರ ಫೆಬ್ರವರಿಯಲ್ಲಿ ಅಧ್ಯಕ್ಷ ಬುಷ್ ತೀರ್ಮಾನಿಸಿದರು. ಆಗಸ್ಟ್‌ನಲ್ಲಿ ನ್ಯಾಯ ಇಲಾಖೆಯ ಜಾನ್ ಯೂ ಬರೆದು ಜೇ ಬೈಬಿ ಸಹಿ ಹಾಕಿದ ಟಿಪ್ಪಣಿ, ಅಂಗಾಂಗ ವೈಫಲ್ಯದಷ್ಟು ತೀವ್ರವಾದ ನೋವನ್ನು ಮಾತ್ರ ಚಿತ್ರಹಿಂಸೆ ಎನ್ನಬಹುದೆಂದಿತು. ನೌಕಾಪಡೆಯ ಮುಖ್ಯ ಕಾನೂನು ಅಧಿಕಾರಿ ಆಲ್ಬರ್ಟೊ ಮೋರಾ ಒಳಗಿದ್ದುಕೊಂಡೇ ಇಂಥ ವಿಚಾರಣಾ ಕ್ರಮಗಳನ್ನು ವಿರೋಧಿಸಿದರು.

ಹಿಂಸೆಯಿಂದ ಸತ್ಯ ಹೊರಬರುತ್ತದೆ ಎಂಬ ವಾದವೂ ನಿಲ್ಲಲಿಲ್ಲ. ಈಜಿಪ್ಟಿನಲ್ಲಿ ಹಿಂಸೆಗೊಳಗಾದ ಅಲ್-ಲಿಬಿ ಎಂಬ ಕೈದಿ, ಇರಾಕ್ ಅಲ್-ಕೈದಾಗೆ ತರಬೇತಿ ಕೊಟ್ಟಿದೆ ಎಂದು ಸುಳ್ಳು ಹೇಳಿದ. 2003ರಲ್ಲಿ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯಲ್ಲಿ ಇರಾಕ್ ಯುದ್ಧದ ಪರ ಮಂಡಿಸಿದ ವಾದದಲ್ಲಿ ಆ ಹೇಳಿಕೆಯೂ ಸೇರಿತ್ತು.

ನಿರ್ದೇಶಕರ ತಂದೆ ಫ್ರಾಂಕ್ ಗಿಬ್ನಿ ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಸೆರೆಯಾಳುಗಳನ್ನು ವಿಚಾರಿಸಿದ್ದವರು. ತಾವು ನಂಬಿದ್ದ ದೇಶದ ನೀತಿ ಹೀಗೆ ಕೆಟ್ಟದ್ದಕ್ಕೆ ಅವರು ಸಾಯುವ ಮುನ್ನ ತೋಡಿಕೊಂಡ ಸಿಟ್ಟು ಚಿತ್ರದ ಕೊನೆಯಲ್ಲಿದೆ.

ಪ್ರಕರಣದಲ್ಲಿ ಶಿಕ್ಷೆಯಾದದ್ದು ಕೆಳದರ್ಜೆಯ ಸೈನಿಕರಿಗೆ, ಅದೂ ಕೆಲವೇ ತಿಂಗಳ ಸೆರೆ. ಟಿಪ್ಪಣಿ ಬರೆದ ಯೂ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕಾನೂನು ಪಾಠ ಹೇಳುವುದನ್ನು ಮುಂದುವರಿಸಿದರು. ಸಹಿ ಹಾಕಿದ ಬೈಬಿ 2003ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶರಾದರು.