ಊರಾಚೆ ಬಿಟ್ಟ ಬೆಕ್ಕು, ಹೊಲದ ಹಕ್ಕಿಗೆ ಕುತ್ತು

ತಿಳವಳ್ಳಿ (ಹಾನಗಲ್ಲ ತಾಲ್ಲೂಕು): ಭತ್ತ, ಗೋವಿನಜೋಳ ಬೆಳೆಯುವ ಹಾನಗಲ್ಲ ಸೀಮೆಯ ಮನೆಗಳಲ್ಲಿ ಬೆಕ್ಕಿಗೂ ಒಂದು ಕಾಯಕವಿದೆ. ಅಟ್ಟದ ಮೇಲಿನ ಕಾಳಿನ ಚೀಲಗಳನ್ನು ಇಲಿಗಳಿಂದ ಕಾಯುವುದು ಅದರ ಪಾಲಿನ ಕೆಲಸ. ಮರಿಗಳು ಹೆಚ್ಚಾದಾಗ ಮಾತ್ರ ಸಮಸ್ಯೆ ತಲೆದೋರುತ್ತದೆ. ಬೆಕ್ಕನ್ನು ಕೊಂದರೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂಬ ನಂಬಿಕೆ ನಾಡಿನ ತುಂಬ ಇದೆ. ಆದ್ದರಿಂದ ಮರಿಗಳನ್ನು ಗೋಣಿಚೀಲದಲ್ಲಿ ಹಾಕಿ ಕೆರೆ ದಂಡೆ, ಸಂತೆ ಬಯಲು ಇಲ್ಲವೇ ಗುಡಿಯ ಬಳಿ ಬಿಟ್ಟುಬರುವುದು ರೂಢಿ. ನಗರಗಳ ಬಡಾವಣೆಗಳೂ ಇದಕ್ಕೆ ಹೊರತಲ್ಲ. ಪಾಪ ತಪ್ಪಿತೆಂದು ನಾವು ನಿಟ್ಟುಸಿರು ಬಿಡುತ್ತೇವೆ. ಅದರ ಬೆಲೆಯನ್ನು ತೆರುವವರು ಆ ಮರಿಗಳು ಮತ್ತು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು.

ಯಾವ ಬೆಕ್ಕು?

ಮನೆಯಲ್ಲಿ ಉಂಡು ಮಲಗುವುದು ಸಾಕುಬೆಕ್ಕು. ಬೀದಿಯಲ್ಲಿ ಜನರ ಎಂಜಲು ನಂಬಿ ಬದುಕುವುದು ಬೀಡಾಡಿ ಬೆಕ್ಕು. ಮನುಷ್ಯರ ಒಡನಾಟವನ್ನೇ ಮರೆತು ಹೊಲ, ಕುರುಚಲು ಕಾಡುಗಳಲ್ಲಿ ಬೇಟೆಯಾಡಿ ಬದುಕುವುದು ಕಾಡುಪಾಲಾದ ಬೆಕ್ಕು. ಈ ಮೂರೂ ಒಂದೇ ಪ್ರಭೇದಕ್ಕೆ ಸೇರಿವೆ. ನಮ್ಮ ನಾಡಿನ ಮೂಲನಿವಾಸಿಯಾದ ಕಾಡುಬೆಕ್ಕು ಬೇರೆಯೇ ಪ್ರಭೇದ; ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ.

ಹೆಣ್ಣು ಬೆಕ್ಕು ಸುಮಾರು ಆರು ತಿಂಗಳಿಗೆ ಬೆದೆಗೆ ಬರುತ್ತದೆ. ಗರ್ಭಾವಧಿ ಒಂಬತ್ತು ವಾರ. ಒಂದು ಸೂಲಿಗೆ ಸಾಮಾನ್ಯವಾಗಿ ನಾಲ್ಕು ಮರಿಗಳಂತೆ ವರ್ಷಕ್ಕೆ ಎರಡು ಮೂರು ಸೂಲುಗಳಾಗಬಹುದು. ಬಿಟ್ಟುಬಂದ ಮರಿಗಳಲ್ಲಿ ಹಲವು ಹಸಿವು, ರೋಗ, ನಾಯಿಗಳಿಗೆ ಬಲಿಯಾಗುತ್ತವೆ. ಉಳಿದವು ಅಲ್ಲಿಯೇ ಸಂತಾನ ಬೆಳೆಸುತ್ತವೆ.

ಜಗತ್ತಿನ ಅನುಭವ

ಅಮೆರಿಕದಲ್ಲಿ ಹೊರಗೆ ಅಡ್ಡಾಡುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಬೆಕ್ಕುಗಳು ತಿನ್ನುವ 2,084 ಜೀವಪ್ರಭೇದಗಳ ಪಟ್ಟಿಯನ್ನು 2023ರ ಮತ್ತೊಂದು ಅಧ್ಯಯನ ನೀಡಿದೆ. ಅವುಗಳಲ್ಲಿ 347 ಪ್ರಭೇದಗಳ ಸ್ಥಿತಿ ಕಳವಳಕಾರಿಯಾಗಿದೆ. ಅತಿ ಹೆಚ್ಚು ಹಾನಿಯಾದುದು ದ್ವೀಪಗಳಲ್ಲಿ.

ಈ ಲೆಕ್ಕವನ್ನು ಹಾವೇರಿ ಜಿಲ್ಲೆಗೆ ನೇರವಾಗಿ ಅನ್ವಯಿಸಲಾಗದು. ಇಲ್ಲಿನ ಹಕ್ಕಿಗಳು ಮುಂಗುಸಿ, ನರಿ, ಕಾಡುಬೆಕ್ಕುಗಳ ನಡುವೆಯೇ ಬಾಳಿ ಬಂದಿವೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬೇಟೆ ಕಡಿಮೆಯಾದರೆ ಕಾಡಿನ ಪ್ರಾಣಿಯ ಸಂಖ್ಯೆಯೂ ಕುಗ್ಗುತ್ತದೆ. ಹಕ್ಕಿಗಳಿಗೆ ಚೇತರಿಸಿಕೊಳ್ಳಲು ಅವಕಾಶ ದೊರೆಯುತ್ತದೆ. ಊರಿನ ಅನ್ನ, ಹಾಲು, ಕಸವನ್ನು ನೆಚ್ಚಿದ ಬೆಕ್ಕಿಗೆ ಆ ಕಡಿವಾಣವಿಲ್ಲ. ಹೊಟ್ಟೆ ತುಂಬಿದ್ದರೂ ಅದು ಬೇಟೆಯಾಡುತ್ತದೆ.

ನಮ್ಮ ಸೀಮೆಯಲ್ಲಿ ಯಾರಿಗೆ ಅಪಾಯ?

ಟಿಟ್ಟಿಭ, ಗೌಜಲಹಕ್ಕಿ, ಬುರ್ಲಿ, ನವಿಲು ಇವೆಲ್ಲವೂ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಮರಿಗಳು ಹಾರಲು ಕಲಿಯುವವರೆಗೆ ಪೊದೆಯೇ ಅವುಗಳಿಗೆ ಆಸರೆ. ನೆರೆಯ ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಕೋಟೆಯನ್ನು 2006ರಲ್ಲಿ ನವಿಲುಧಾಮವೆಂದು ಘೋಷಿಸಲಾಯಿತು. ಸುಮಾರು 139 ಎಕರೆಯ ಈ ಕೋಟೆಗೆ ಊರು ಅಂಟಿಕೊಂಡಿದೆ. ಇಂತಹ ಸ್ಥಳದ ಅಂಚಿನಲ್ಲಿ ಬೆಕ್ಕಿನ ಮರಿಗಳನ್ನು ಬಿಡುವುದೆಂದರೆ ನವಿಲಿನ ಮರಿಗಳ ನಡುವೆ ಬೇಟೆಗಾರನನ್ನು ಬಿಟ್ಟಂತೆ. ಹಲ್ಲಿ, ಓತಿಕ್ಯಾತ, ಕಪ್ಪೆ, ಅಳಿಲುಗಳಿಗೂ ಇದೇ ಗತಿ.

ಎರಡನೆಯ ಅಪಾಯ ರೋಗದ್ದು. ಬೆಕ್ಕುಗಳಿಗೆ ತಗಲುವ ಕೆಲವು ಮಾರಕ ಸೋಂಕುಗಳು ಕಾಡುಬೆಕ್ಕುಗಳಿಗೂ ತಗಲಬಲ್ಲವು. ಮೂರನೆಯದು ರಕ್ತಮಿಶ್ರಣ. ಸ್ಕಾಟ್ಲೆಂಡಿನಲ್ಲಿ ಸಾಕುಬೆಕ್ಕುಗಳೊಂದಿಗಿನ ಮಿಶ್ರತಳಿಯಿಂದಾಗಿಯೇ ಅಲ್ಲಿನ ಮೂಲ ಕಾಡುಬೆಕ್ಕು ಅಳಿವಿನ ಅಂಚಿಗೆ ಬಂದಿದ್ದು, 2023ರಲ್ಲಿ ಧಾಮದಲ್ಲಿ ಬೆಳೆಸಿದ ಬೆಕ್ಕುಗಳನ್ನು ಕಾಡಿಗೆ ಬಿಡಬೇಕಾಯಿತು.

ಕಾನೂನು ಏನು ಹೇಳುತ್ತದೆ?

ಪ್ರಾಣಿಯೊಂದು ಹಸಿವು, ನೀರಡಿಕೆಯಿಂದ ನರಳುವಂತೆ ಅದನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನನ್ವಯ ಅಪರಾಧ. ಆದರೆ ಮೊದಲ ತಪ್ಪಿಗೆ ಕಾಯ್ದೆ ವಿಧಿಸುವ ದಂಡ 10ರಿಂದ 50 ರೂಪಾಯಿ ಮಾತ್ರ. ವಿಷವಿಟ್ಟು ಕೊಲ್ಲುವುದು ಪರಿಹಾರವಲ್ಲ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಪ್ರಾಣಿಹತ್ಯೆಗೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಆ ವಿಷ ನರಿ, ಮುಂಗುಸಿ, ಗೂಬೆಗಳನ್ನೂ ಬಲಿ ತೆಗೆದುಕೊಳ್ಳುತ್ತದೆ.

ಮನೆಯಲ್ಲೇ ಇದೆ ಮದ್ದು

ಪರಿಹಾರ ದೂರವೇನಿಲ್ಲ. ಮೊದಲನೆಯದು, ಮೊದಲ ಸೂಲಿಗೆ ಮುನ್ನವೇ ಪಶುವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು. ಇದರಿಂದ ಇಲಿ ಹಿಡಿಯುವ ಬುದ್ಧಿಯೇನೂ ಬೆಕ್ಕಿಗೆ ಮರೆಯದು. ಎರಡನೆಯದು, ಹಕ್ಕಿಗಳು ಮರಿ ಮಾಡುವ ಕಾಲದಲ್ಲಿ ಮುಸ್ಸಂಜೆಯಿಂದ ಬೆಳಗಿನವರೆಗೆ ಬೆಕ್ಕನ್ನು ಒಳಗೇ ಇರಿಸಿಕೊಳ್ಳುವುದು. ಅಟ್ಟದ ಇಲಿಗಳು ಓಡಾಡುವ ಹೊತ್ತೂ ಅದೇ. ಮೂರನೆಯದು, ಸಂತೆ, ಮಾಂಸದಂಗಡಿಗಳ ತ್ಯಾಜ್ಯವನ್ನು ಬಯಲಿಗೆ ಸುರಿಯದಿರುವುದು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಗಾದೆ ಇಲ್ಲಿ ಅಕ್ಷರಶಃ ಉಪಯೋಗಕ್ಕೆ ಬರುತ್ತದೆ. ಕೊರಳಿಗೆ ಗೆಜ್ಜೆ ಕಟ್ಟಿದ ಬೆಕ್ಕುಗಳು ಮನೆಗೆ ತಂದ ಹಕ್ಕಿಗಳ ಸಂಖ್ಯೆ ಶೇ 41ರಷ್ಟು ತಗ್ಗಿದ್ದನ್ನು ಬ್ರಿಟನ್ನಿನ ಅಧ್ಯಯನವೊಂದು ದಾಖಲಿಸಿದೆ. ಒಂದು ಗೆಜ್ಜೆ, ಒಂದು ಶಸ್ತ್ರಚಿಕಿತ್ಸೆ, ರಾತ್ರಿ ಮುಚ್ಚಿದ ಬಾಗಿಲು. ಇಷ್ಟಾದರೆ ಗೋಣಿಚೀಲ ಹಿಡಿದು ಕೆರೆ ದಂಡೆಗೆ ನಡೆಯುವ ಪ್ರಸಂಗವೇ ಬಾರದು.